ಬೇಕಂತಲೇ ಬೀಳಿಸಿದ ವಿಮಾನಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಯಾಣಿಕರ ವಿಮಾನವೊಂದನ್ನು ಮರುಭೂಮಿಯಲ್ಲಿ ಬೇಕಂತಲೇ ನೆಲಕ್ಕೆ ಅಪ್ಪಳಿಸುವ ಟಿವಿ ಕಾರ್ಯಕ್ರಮದ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇದ್ದವು. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸರ್, ಆ ವಿಡಿಯೋ ಖರೇನೋ, ಕಂಪ್ಯೂಟರಿನ್ಯಾಗ ಮಾಡಿದ್ದೋ? ಖರೇ ಇದ್ರ, ಒಳಗ ಯಾರೂ ಇಲ್ದಂಗ ಅಷ್ಟು ದೊಡ್ಡ ವಿಮಾನ ಹೆಂಗ ಹಾರಿಸಿದ್ರು?
— ಡಿಪ್ಲೊಮಾ ವಿದ್ಯಾರ್ಥಿ, ಗೋಕಾಕ

ಖರೇನೇ. 2012ರ ಏಪ್ರಿಲ್ 27ರಂದು ಮೆಕ್ಸಿಕೊ ದೇಶದ ಮೆಕ್ಸಿಕಾಲಿ ಪಟ್ಟಣದ ಹತ್ತಿರದ ಮರುಭೂಮಿಯಲ್ಲಿ ನಡೆದದ್ದು. ಬ್ರಿಟನ್ನಿನ ಚಾನೆಲ್ 4, ಅಮೆರಿಕದ ಡಿಸ್ಕವರಿ ಮೊದಲಾದ ವಾಹಿನಿಗಳು ವಿಜ್ಞಾನಿಗಳನ್ನು ಜೊತೆಗಿಟ್ಟುಕೊಂಡು ಮಾಡಿಸಿದ ಪ್ರಯೋಗ ಅದು. ಬಳಸಿದ್ದು ಹಳೆಯ ಬೋಯಿಂಗ್ 727-200.

ಮೇಲೆದ್ದಾಗ ಒಳಗೆ ಮನುಷ್ಯರಿದ್ದರು. ಟೇಕಾಫ್ ಆಗುವುದು ಊರಿನ ಪಕ್ಕದ ವಿಮಾನ ನಿಲ್ದಾಣದಿಂದ. ಅಲ್ಲಿ ರಿಮೋಟ್ ಕೈಕೊಟ್ಟರೆ ಜನರ ಮೇಲೇ ಬೀಳುತ್ತದೆ. ಹಾಗಾಗಿ ಪೈಲಟ್‌ಗಳೇ ಅದನ್ನು ಮರುಭೂಮಿಯವರೆಗೆ ಒಯ್ದರು. ವಿಮಾನದ ಹಿಡಿತವನ್ನು ರೇಡಿಯೋ ಸಂಕೇತಕ್ಕೆ ಒಪ್ಪಿಸಿ, ಅದು ಹೇಳಿದಂತೆ ಕೇಳುತ್ತಿದೆಯೇ ಎಂದು ನೋಡಿಕೊಂಡ ಮೇಲೆ ಒಬ್ಬೊಬ್ಬರಾಗಿ ಪ್ಯಾರಾಶೂಟ್ ಕಟ್ಟಿಕೊಂಡು ಹಾರಿದರು. ಕೊನೆಗೆ ಹಾರಿದ್ದು ಮುಖ್ಯ ಪೈಲಟ್, ವಿಮಾನ ನೆಲಕ್ಕೆ ಬಡಿಯಲು ಕೆಲವೇ ನಿಮಿಷ ಬಾಕಿಯಿದ್ದಾಗ. ಅಲ್ಲಿಂದ ಮುಂದೆ ಹಿಂದೆಯೇ ಹಾರುತ್ತಿದ್ದ ಸೆಸ್ನಾ ಸ್ಕೈಮಾಸ್ಟರ್ ಎಂಬ ಸಣ್ಣ ವಿಮಾನದಲ್ಲಿ ಕೂತಿದ್ದ ಇನ್ನೊಬ್ಬ ಪೈಲಟ್ ರಿಮೋಟ್‌ನಿಂದ ನಡೆಸಿದ.

ಇಲ್ಲಿ ಎರಡು ತೊಡಕು. ಮೊದಲನೆಯದು ವೇಗ. ಸ್ಕೈಮಾಸ್ಟರ್ ಬಲು ಜೋರೆಂದರೆ ಗಂಟೆಗೆ ಸುಮಾರು 320 ಕಿ.ಮೀ. ಓಡುತ್ತದೆ. ಜೆಟ್ ವಿಮಾನಕ್ಕೆ ಅದು ನಿಧಾನದ ನಡಿಗೆ. ರೇಡಿಯೋ ಹಿಡಿತ ತಪ್ಪದಂತೆ ಹತ್ತಿರದಲ್ಲೇ ಇರಬೇಕೆಂದರೆ 727ನ್ನು ನಿಧಾನವಾಗಿಯೇ ಹಾರಿಸಬೇಕು. ತೀರಾ ನಿಧಾನವಾದರೆ ರೆಕ್ಕೆಗೆ ಎತ್ತುವ ಬಲ ಸಾಲದೆ ಬೇಡದ ಜಾಗದಲ್ಲಿ ಕುಸಿಯುತ್ತದೆ. ಎರಡನೆಯದು, ಕೊನೆಯ ಪೈಲಟ್ ಹಾರಿದ ಮೇಲೆ ರೇಡಿಯೋ ಕಡಿದರೆ ವಿಮಾನವನ್ನು ಹಿಡಿಯುವವರೇ ಇಲ್ಲ. ಜನವಸತಿಯಿಲ್ಲದ ವಿಶಾಲ ಮರುಭೂಮಿ ಬೇಕಾದದ್ದು ಇದಕ್ಕೆ.

ನೆಲ ಮುಟ್ಟಿದಾಗ ಮುಂದೋಟದ ವೇಗ ಗಂಟೆಗೆ ಸುಮಾರು 225 ಕಿ.ಮೀ., ಕೆಳಗಿಳಿಯುವ ವೇಗ ನಿಮಿಷಕ್ಕೆ 1500 ಅಡಿ. ಡಿಪ್ಲೊಮಾ ಓದುವವರು ಈ ಎರಡನೆಯ ಅಂಕಿಯನ್ನು ಗಮನಿಸಬೇಕು. ಪ್ರಯಾಣಿಕರ ವಿಮಾನದ ಗಾಲಿಯ ಕಾಲುಗಳನ್ನು ಸೆಕೆಂಡಿಗೆ 10 ಅಡಿ, ಅಂದರೆ ನಿಮಿಷಕ್ಕೆ 600 ಅಡಿ ಇಳಿವೇಗದ ಪೆಟ್ಟು ತಾಳುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ. 1500 ಎಂದರೆ ಅದರ ಎರಡೂವರೆ ಪಟ್ಟು. ಪೆಟ್ಟಿನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ಕಾಲುಗಳ ಮೇಲೆ ಬಿದ್ದದ್ದು ಆರು ಪಟ್ಟಿಗೂ ಹೆಚ್ಚು. ಅವು ಮುರಿದವು, ಮೂತಿ ನೆಲಕ್ಕೆ ಬಡಿಯಿತು, ರೆಕ್ಕೆಯ ಮುಂದಿನ ಭಾಗದಲ್ಲಿ ಒಡಲು ಬಿರಿದು ಕಾಕ್‌ಪಿಟ್ ಕಿತ್ತುಹೋಯಿತು.

ಪ್ರಶ್ನೆ: ಇಷ್ಟೆಲ್ಲ ವಿಮಾನಗಳಿರುವಾಗ 727ನ್ನೇ ಯಾಕೆ ಆರಿಸಿದರು?
— ಅಂಗಡಿ ಮಾಲೀಕರು, ನಿಪ್ಪಾಣಿ

ಮುಖ್ಯ ಕಾರಣ ಬಾಲದ ಕೆಳಗಿನ ಮೆಟ್ಟಿಲು. ಈ ವಿಮಾನದ ಹಿಂಬದಿಯಲ್ಲಿ ಹೊಟ್ಟೆಯಿಂದ ಕೆಳಕ್ಕೆ ಬಿಚ್ಚಿಕೊಳ್ಳುವ ಏಣಿಯಿದೆ. ಪಕ್ಕದ ಬಾಗಿಲಿನಿಂದ ಹಾರಿದರೆ ಗಾಳಿಯ ಹೊಡೆತಕ್ಕೆ ರೆಕ್ಕೆಗೋ ಬಾಲಕ್ಕೋ ಬಡಿಯುವ ಅಪಾಯ. ಈ ಏಣಿಯಿಂದ ಹಾರಿದವರು ಎಲ್ಲಕ್ಕೂ ಕೆಳಗೆ ಹೊರಬೀಳುತ್ತಾರೆ. 1971ರ ನವೆಂಬರ್ 24ರಂದು ಅಮೆರಿಕದಲ್ಲಿ ವಿಮಾನ ಅಪಹರಿಸಿದವನೊಬ್ಬ ಹಣದ ಗಂಟಿನೊಂದಿಗೆ ಹಾರಿಕೊಂಡದ್ದೂ 727ರ ಇದೇ ಏಣಿಯಿಂದ. ಆಮೇಲೆ, ಹಾರುವಾಗ ಏಣಿ ತೆರೆಯದಂತೆ ಗಾಳಿಯ ಒತ್ತಡಕ್ಕೆ ತಿರುಗಿ ತಡೆಯುವ ಒಂದು ಸಣ್ಣ ಫಲಕವನ್ನು ಈ ವಿಮಾನಗಳಿಗೆ ಕೂಡಿಸಿದರು. ಹಾರುವಾಗ ಏಣಿ ಬಿಚ್ಚಬೇಕೆಂದರೆ ಮೊದಲು ಆ ಫಲಕವನ್ನು ತೆಗೆಯಬೇಕು.

ಪ್ರಶ್ನೆ: ಗೊಂಬೆಗಳನ್ನು ಕೂರಿಸಿದ್ದರಂತೆ. ಅವುಗಳಿಂದ ಏನು ತಿಳಿಯಿತು? ಹಿಂದೆ ಕೂತವರು ಬದುಕುತ್ತಾರೆ ಎಂಬುದು ನಿಜವೇ?
— ಪ್ರೌಢಶಾಲಾ ಶಿಕ್ಷಕರು, ಜಮಖಂಡಿ

ಆ ಡಮ್ಮಿಗಳ ಒಳಗೆ ಪೆಟ್ಟು ಅಳೆಯುವ ಸಂವೇದಕಗಳಿರುತ್ತವೆ. ಆ ಪ್ರಯೋಗದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮೂರು ಡಮ್ಮಿಗಳ ಹೋಲಿಕೆ ಎಂದು ನಮ್ಮ ಅಭಿಪ್ರಾಯ. ಒಂದಕ್ಕೆ ಬೆಲ್ಟ್ ಕಟ್ಟಿ, ತಲೆ ತಗ್ಗಿಸಿ ಮುಂದಕ್ಕೆ ಬಾಗಿಸಿದ್ದರು. ಎರಡನೆಯದಕ್ಕೆ ಬೆಲ್ಟ್ ಇತ್ತು, ನೆಟ್ಟಗೆ ಕೂತಿತ್ತು. ಮೂರನೆಯದಕ್ಕೆ ಎರಡೂ ಇರಲಿಲ್ಲ. ಬಾಗಿದ್ದದ್ದು ಬದುಕುತ್ತಿತ್ತು, ಆದರೆ ಕಾಲಿನ ಮೂಳೆ ಮುರಿಯುವ ಸಂಭವವಿತ್ತು. ನೆಟ್ಟಗೆ ಕೂತದ್ದಕ್ಕೆ ತಲೆಗೆ ಭಾರೀ ಪೆಟ್ಟು. ಬೆಲ್ಟ್ ಇಲ್ಲದ್ದು ಸಾಯುತ್ತಿತ್ತು.

ಪೆಟ್ಟನ್ನು ‘ಜಿ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಜಿ ಎಂದರೆ ನಿಮ್ಮ ತೂಕದಷ್ಟೇ ಬಲ. ಅಂದು ಮುಂದಿನ ಸೀಟುಗಳಲ್ಲಿ ಸುಮಾರು 12 ಜಿ, ರೆಕ್ಕೆಯ ಹತ್ತಿರ 8, ಬಾಲದ ಕಡೆ 6. ಮುಂದಿನ ತುದಿಯಲ್ಲಿ ಕೂತವರಿಗೆ ಬದುಕುವ ಸಾಧ್ಯತೆಯಿರಲಿಲ್ಲ. 7ಎ ಸೀಟಂತೂ ವಿಮಾನದಿಂದಲೇ ಕಿತ್ತು ಸುಮಾರು 150 ಮೀಟರ್ ದೂರಕ್ಕೆ ಹಾರಿತು. ಹಿಂದಿನವರಲ್ಲಿ ನೂರಕ್ಕೆ 78 ಮಂದಿ ಉಳಿಯುತ್ತಿದ್ದರು ಎಂದು ಲೆಕ್ಕ ಕಟ್ಟಿದರು.

ಈ 78ರ ಅಂಕಿಯನ್ನೇ ಹಿಡಿದುಕೊಂಡು ಜನ ಹಿಂದಿನ ಸೀಟು ಹುಡುಕುತ್ತಾರೆ. ಅದು ಮೂತಿ ಮುಂದಾಗಿ ಬಡಿದ, ದೊಡ್ಡ ಬೆಂಕಿ ಹತ್ತದ ಒಂದೇ ಒಂದು ಪತನದ ಅಂಕಿ. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ 181 ಜನರಲ್ಲಿ ಉಳಿದ ಇಬ್ಬರೂ ಬಾಲದ ಕಡೆ ಇದ್ದ ಸಿಬ್ಬಂದಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಉಳಿದ ಒಬ್ಬರೇ ಪ್ರಯಾಣಿಕರು ಕೂತದ್ದು ಮುಂದಿನ ಅರ್ಧದಲ್ಲಿ, ತುರ್ತು ಬಾಗಿಲ ಪಕ್ಕದ 11ಎಯಲ್ಲಿ. ವಿಮಾನ ಯಾವ ಕೋನದಲ್ಲಿ ಬಡಿಯುತ್ತದೆ, ಎಲ್ಲಿ ಬಿರಿಯುತ್ತದೆ, ಬೆಂಕಿ ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಟಿಕೆಟ್ ಕೊಳ್ಳುವಾಗ ಯಾರೂ ಹೇಳಲಾರರು. 11ಎ ಸೀಟಿಗಾಗಿ ಹೆಚ್ಚು ದುಡ್ಡು ಕೊಡಬೇಡಿ.

ಆ ಪ್ರಯೋಗದ ಇನ್ನೊಂದು ಸಂಗತಿ ಸುದ್ದಿಯಾಗಲಿಲ್ಲ. ಒಡಲು ಉಳಿದ ಕಡೆಯೂ ಚಾವಣಿಯ ಹಲಗೆಗಳು, ವೈರುಗಳು ಕಿತ್ತು ನಡುದಾರಿಗೆ ಜೋತುಬಿದ್ದಿದ್ದವು. ಪೆಟ್ಟಿನಿಂದ ಉಳಿದವರು ಹೊಗೆಯಲ್ಲಿ ಇವುಗಳನ್ನು ಸರಿಸಿಕೊಂಡು ಹೊರಬರಬೇಕು. ಉಳಿವಿನ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು.

ಪ್ರಶ್ನೆ: ಬಿದ್ದರೂ ಹೊತ್ತಿಕೊಳ್ಳದ ಇಂಧನವನ್ನು ಅಮೆರಿಕದವರು ಒಮ್ಮೆ ವಿಮಾನ ಬೀಳಿಸಿ ಪರೀಕ್ಷಿಸಿದ್ದರೆಂದು ಓದಿದ್ದೆ. ಅದು ಏನಾಯಿತು? ಈಗ ಯಾಕೆ ಬಳಕೆಯಲ್ಲಿಲ್ಲ?
— ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು, ವಿಜಯಪುರ

ಈ ಪ್ರಶ್ನೆ ಬಂದದ್ದು ನಮಗೆ ಬಹಳ ಸಂತೋಷ. ಬೇಕಂತಲೇ ಬೀಳಿಸಿದ ವಿಮಾನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಇದೇ, ಅದೂ ಯೋಜನೆ ತಪ್ಪಿದ್ದರಿಂದ.

1984ರ ಡಿಸೆಂಬರ್ 1ರಂದು ನಾಸಾ ಮತ್ತು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್ಎಎ ಸೇರಿ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯ ಒಣಗಿದ ಕೆರೆಯಂಗಳದಲ್ಲಿ ಬೋಯಿಂಗ್ 720 ವಿಮಾನವನ್ನು ಅಪ್ಪಳಿಸಿದವು. ನಾಲ್ಕು ವರ್ಷದ ತಯಾರಿ. ಪೈಲಟ್ ಫಿಟ್ಜ್‌ಹ್ಯೂ ಫುಲ್ಟನ್ ನೆಲದ ಮೇಲಿನ ಕೋಣೆಯಲ್ಲಿ ಕೂತು ರಿಮೋಟ್‌ನಿಂದ ಹಾರಿಸಿದರು. ಅದಕ್ಕೆ ಮೊದಲು ಒಳಗೆ ಪೈಲಟ್‌ಗಳನ್ನು ಕೂರಿಸಿಕೊಂಡೇ 14 ಸಲ ರಿಮೋಟ್ ಹಾರಾಟದ ತಾಲೀಮು ಆಗಿತ್ತು.

ಇಂಧನದ ವಿಷಯ ಹೀಗೆ. ವಿಮಾನದ ಸೀಮೆಎಣ್ಣೆ ದ್ರವವಾಗಿ ಹರಿದಾಗ ಅಷ್ಟು ಸುಲಭಕ್ಕೆ ಭಗ್ಗೆನ್ನುವುದಿಲ್ಲ. ಟ್ಯಾಂಕು ಹರಿದು ಗಾಳಿಯ ರಭಸಕ್ಕೆ ಎಣ್ಣೆ ಮಂಜಿನಂತೆ ಚದುರಿದಾಗ ಒಂದು ಕಿಡಿ ಸಾಕು. ಅದಕ್ಕೆ ಎಫ್ಎಂ-9 ಎಂಬ ಉದ್ದ ಸರಪಳಿಯ ಪಾಲಿಮರನ್ನು ಎಣ್ಣೆಗೆ ಬೆರೆಸಿದರು. ಸರಪಳಿ ಅಣುಗಳು ಎಣ್ಣೆಯನ್ನು ಹಿಡಿದಿಡುವುದರಿಂದ ಅದು ಮಂಜಾಗದೆ ದಪ್ಪ ಹನಿಗಳಾಗಿ ಬೀಳುತ್ತದೆ. ತೊಂದರೆಯೆಂದರೆ ಎಂಜಿನ್ ಒಳಗೆ ಉರಿಯಲು ಇಂಧನ ಮಂಜಾಗಲೇಬೇಕು. ಆದ್ದರಿಂದ ಉರಿಯುವ ಮೊದಲು ಆ ಸರಪಳಿಗಳನ್ನು ಕತ್ತರಿಸಿ ಎಣ್ಣೆಯನ್ನು ಮಾಮೂಲಿಗೆ ತರುವ ಉಪಕರಣವೊಂದನ್ನು ಪ್ರತಿ ಎಂಜಿನ್ನಿಗೂ ಕೂಡಿಸಿದ್ದರು. ಈ ಉಪಕರಣವನ್ನು ನೆನಪಿಡಿ.

ವಿಮಾನದಲ್ಲಿ ಸುಮಾರು 34 ಟನ್ ಇಂಧನ ತುಂಬಿದರು. ಗಾಲಿ ಮಡಚಿಕೊಂಡೇ, ಎರಡೂ ರೆಕ್ಕೆ ಸಮನಾಗಿ, ಹೊಟ್ಟೆಯ ಮೇಲೆ ಬೀಳಿಸುವುದು ಯೋಜನೆ. ಜಾರುವಾಗ ರೆಕ್ಕೆಯೊಳಗಿನ ಟ್ಯಾಂಕುಗಳು ಖಂಡಿತ ಸೀಳಲೆಂದು ನೆಲದಲ್ಲಿ ಉಕ್ಕಿನ ಗಟ್ಟಿ ಗೂಟಗಳನ್ನು ನೆಟ್ಟಿದ್ದರು. ಗೂಟಗಳು ಒಡಲಿಗೂ ಎಂಜಿನ್‌ಗಳಿಗೂ ತಾಗದೆ ರೆಕ್ಕೆಯನ್ನಷ್ಟೇ ಸೀಳಬೇಕಿತ್ತು.

ನೆಲಕ್ಕಿಂತ 150 ಅಡಿ ಎತ್ತರದಲ್ಲಿ ಮುಂದುವರಿಯಬೇಕೋ ಬಿಡಬೇಕೋ ಎಂದು ತೀರ್ಮಾನಿಸಬೇಕು ಎಂದಿತ್ತು. ಕೆಳಗಿಳಿಯುತ್ತ ವಿಮಾನ ಎಡಬಲಕ್ಕೆ ಹೊಯ್ದಾಡತೊಡಗಿತು. ರಿಮೋಟ್‌ನಲ್ಲಿ ಹಾರಿಸುವವರಿಗೆ ಸೀಟಿನ ಮೂಲಕ ಬರುವ ಅಲುಗಾಟದ ಅರಿವು ಇರುವುದಿಲ್ಲ. ತಿದ್ದುವುದು ಒಂದು ಕ್ಷಣ ತಡವಾಗುತ್ತದೆ, ತಡವಾದ ತಿದ್ದುಪಡಿ ಹೊಯ್ದಾಟವನ್ನು ಹೆಚ್ಚಿಸುತ್ತದೆ. ಒಳಗಿನ ದಾಖಲೆ ಯಂತ್ರಗಳೆಲ್ಲ ಆಗಲೇ ಚಾಲೂ ಆಗಿದ್ದರಿಂದ ಹಿಂದೆ ಸರಿಯಲಿಲ್ಲ. ಎಡ ರೆಕ್ಕೆ ಮೊದಲು ತಾಗಿತು, ವಿಮಾನ ಎಡಕ್ಕೆ ತಿರುಗಿಕೊಂಡು ಗೂಟಗಳ ಮೇಲೆ ಓರೆಯಾಗಿ ಬಂತು. ಒಂದು ಗೂಟ ಬಲಗಡೆಯ ಒಳ ಎಂಜಿನ್ನನ್ನೇ ಕತ್ತರಿಸಿತು.

ಆ ಎಂಜಿನ್ ಇನ್ನೂ ತಿರುಗುತ್ತಿತ್ತು. ಅದರ ಸರಪಳಿ ಕತ್ತರಿಸುವ ಉಪಕರಣದಿಂದ ಆಗಲೇ ಮಾಮೂಲಿಯಾಗಿದ್ದ ಎಣ್ಣೆ ಬಿಸಿ ಲೋಹದ ಮೇಲೆ ಚೆಲ್ಲಿ ಹೊತ್ತಿಕೊಂಡಿತು. ಗೂಟ ಒಡಲನ್ನೂ ಸೀಳಿದ್ದರಿಂದ ಉರಿಯುವ ಎಣ್ಣೆ ಒಳಗೆ ನುಗ್ಗಿತು. ಪೂರ್ತಿ ಆರಿಸಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಈ ಇಂಧನದ ಯೋಜನೆಯನ್ನು ಎಫ್ಎಎ ಮುಂದೆ ಕೈಬಿಟ್ಟಿತು. ಯೋಚಿಸಿದ ರೀತಿಯಲ್ಲೇ ವಿಮಾನ ಬಿದ್ದಿದ್ದರೆ ಎಣ್ಣೆ ತಡೆದುಕೊಳ್ಳುತ್ತಿತ್ತು ಎಂದು ವಾದಿಸುವವರಿದ್ದಾರೆ. ನಿಜವಾದ ಅಪಘಾತ ಯಾವತ್ತೂ ಯೋಚಿಸಿದ ರೀತಿಯಲ್ಲಿ ಆಗುವುದಿಲ್ಲವಾದ್ದರಿಂದ ಆ ವಾದವನ್ನು ನಾವು ಒಪ್ಪುವುದಿಲ್ಲ.

ಈಗ ಕಲಿತದ್ದಕ್ಕೆ ಬನ್ನಿ. ಒಳಗೆಲ್ಲ ಕ್ಯಾಮೆರಾ, ಡಮ್ಮಿ, ಸಂವೇದಕ. ಮುಂಭಾಗದಲ್ಲಿ ಹೊಗೆ ಕವಿಯಲು ಐದು ಸೆಕೆಂಡ್, ಹಿಂಭಾಗದಲ್ಲಿ 20 ಸೆಕೆಂಡ್ ಹಿಡಿಯಿತು. ಜನರಿದ್ದಿದ್ದರೆ 113ರಲ್ಲಿ ಸುಮಾರು ಕಾಲುಭಾಗ ಉಳಿಯಬಹುದಿತ್ತು ಎಂದು ಅಂದಾಜು ಮಾಡಿದರು. ಅದು ಬರೀ ಊಹೆಯ ಲೆಕ್ಕ ಎಂದು ತನಿಖೆಯವರೇ ಹೇಳಿದರು. ನಡುದಾರಿಯ ನೆಲದಲ್ಲಿ ತುರ್ತು ದೀಪಗಳನ್ನು ಬೇರೆ ಬೇರೆ ರೀತಿಯಲ್ಲಿ ಕೂಡಿಸಿದ್ದರು. ಅಂಟಿನಿಂದ ಹಚ್ಚಿದ ಎರಡು ಬಗೆಯ ದೀಪಗಳು ಪೆಟ್ಟಿಗೆ ಕಿತ್ತುಬಂದವು. ಆಮೇಲೆ ನೆಲದ ದೀಪಗಳನ್ನು ಅಂಟಿನ ಮೇಲೆ ಬಿಡದೆ ಯಾಂತ್ರಿಕವಾಗಿ ಬಿಗಿಯಬೇಕು ಎಂಬ ನಿಯಮ ಬಂತು. ಸೀಟಿನ ಸ್ಪಂಜಿನ ಸುತ್ತ ಬೆಂಕಿ ತಡೆಯುವ ಪದರ ಇರಬೇಕೆಂಬ ನಿಯಮ ಗಟ್ಟಿಯಾಯಿತು. ಬ್ಲ್ಯಾಕ್ ಬಾಕ್ಸ್ ಅಂದಿನ ನಿಯಮದಂತೆ ಸೆಕೆಂಡಿಗೆ ಎಷ್ಟು ಸಲ ಓಲಾಟ, ಪೆಟ್ಟು ದಾಖಲಿಸುತ್ತಿತ್ತೋ ಅದು ಸಾಲದು ಎಂಬುದೂ ಇಲ್ಲೇ ಗೊತ್ತಾದದ್ದು. ಹೋಲಿಸಿ ನೋಡಲು ಒಳಗೆ ಇನ್ನೂ ಚುರುಕಾದ ದಾಖಲೆ ಯಂತ್ರಗಳಿದ್ದವಲ್ಲ!

ಪ್ರಶ್ನೆ: ನಾನು ಉದ್ಯಮಬಾಗದ ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಆಪರೇಟರ್. ಹತ್ತರಗಿ ಕಡೆ ವಿಮಾನದ ಬಿಡಿಭಾಗ ಮಾಡುವ ಕಂಪನಿಗೆ ಸೇರುವ ಯೋಚನೆ ಇದೆ. ‘16 ಜಿ ಸೀಟ್’ ಅಂದರೇನು?
— ಬೆಳಗಾವಿ

ಹಳೆಯ ಸೀಟುಗಳನ್ನು ಮುಂದಕ್ಕೆ 9 ಜಿ ಬಲದಿಂದ ನಿಧಾನವಾಗಿ ಎಳೆದು ನೋಡುತ್ತಿದ್ದರು. 1988ರಲ್ಲಿ ನಿಯಮ ಬದಲಾಯಿತು. ಈಗ ಸೀಟಿನಲ್ಲಿ 77 ಕಿಲೋದ ಡಮ್ಮಿ ಕೂರಿಸಿ, ಹಳಿಯ ಮೇಲೆ ಓಡುವ ಸ್ಲೆಡ್ಡಿಗೆ ಬಿಗಿದು ಜಗ್ಗಿಸುತ್ತಾರೆ. ಎರಡು ಪರೀಕ್ಷೆ. ಮುಂದಿನ ಪೆಟ್ಟಿನದ್ದು ಸೆಕೆಂಡಿಗೆ 44 ಅಡಿಯ ವೇಗಬದಲಾವಣೆ, 0.09 ಸೆಕೆಂಡಿನೊಳಗೆ 16 ಜಿ ಮುಟ್ಟಬೇಕು, ಸೀಟು 10 ಡಿಗ್ರಿ ಪಕ್ಕಕ್ಕೆ ತಿರುಗಿರಬೇಕು. ಕೆಳಗಿನ ಪೆಟ್ಟಿನದ್ದು 35 ಅಡಿ, 0.08 ಸೆಕೆಂಡ್, 14 ಜಿ. 77 ಕಿಲೋ ಮನುಷ್ಯ 16 ಜಿಯಲ್ಲಿ 1232 ಕಿಲೋ ತೂಗಿದಂತೆ. ಅಷ್ಟೂ ಸೀಟಿನ ಕಾಲುಗಳ ಮೂಲಕ ನೆಲದ ಹಳಿಗೆ ಹೋಗುತ್ತದೆ.

ಕಠಿಣ ಭಾಗ ಇನ್ನೊಂದಿದೆ. ಅಪಘಾತದಲ್ಲಿ ವಿಮಾನದ ನೆಲ ತಿರುಚಿಕೊಳ್ಳುತ್ತದೆ. ಆದ್ದರಿಂದ ಮುಂದಿನ ಪೆಟ್ಟಿನ ಪರೀಕ್ಷೆಗೆ ಮೊದಲೇ ಸೀಟಿನ ಕಾಲು ಬಿಗಿದ ಎರಡು ನೆಲದ ಹಳಿಗಳಲ್ಲಿ ಒಂದನ್ನು 10 ಡಿಗ್ರಿ ಓರೆ ಮಾಡಿ, ಇನ್ನೊಂದನ್ನು 10 ಡಿಗ್ರಿ ಹೊರಳಿಸಿ, ಸೀಟಿನ ಕಾಲುಗಳಲ್ಲಿ ಒತ್ತಡ ತುಂಬಿಟ್ಟೇ ಜಗ್ಗಿಸುತ್ತಾರೆ. ಸೀಟು ಬಾಗಬಹುದು, ಕಿತ್ತು ಬರಬಾರದು; ಬಾಗಿದ್ದೂ ಹೊರಹೋಗುವ ದಾರಿಗೆ ಅಡ್ಡವಾಗಬಾರದು. ಡಮ್ಮಿಯ ಸೊಂಟದ ಬೆನ್ನೆಲುಬಿನ ಮೇಲೆ ಬೀಳುವ ಬಲ 680 ಕಿಲೋ ಮೀರಬಾರದು, ತೊಡೆಮೂಳೆಗೆ ಸುಮಾರು 1020 ಕಿಲೋ. ತಲೆಯ ಪೆಟ್ಟಿನ ಸೂಚ್ಯಂಕ 1000 ದಾಟಬಾರದು.

ನಿಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದು: ಡ್ರಾಯಿಂಗಿನಲ್ಲಿ ಒಳಮೂಲೆಗೆ ಕೊಟ್ಟ ರೇಡಿಯಸ್ಸನ್ನು ಸಣ್ಣದು ಮಾಡಬೇಡಿ. ಚೂಪಾದ ಒಳಮೂಲೆ, ಟೂಲ್ ಎಳೆದ ಗೆರೆ, ಬಿಡಿಸದ ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿದ ಲೋಹದ ಚೂರು), ಬಿರುಕು ಶುರುವಾಗುವುದು ಇಲ್ಲಿಂದಲೇ. ಸೈಜ್ ಸರಿಯಿದೆ ಎಂದು ಗೇಜ್ ಹೇಳಿದರೂ ಅಂಥ ಪೀಸ್ ರಿಜೆಕ್ಟ್. ಯಾವ ಲೋಹದ ಬಾರಿನಿಂದ ಯಾವ ಪೀಸ್ ಬಂತು ಎಂಬ ದಾಖಲೆ ತಪ್ಪಿದರೆ ಒಳ್ಳೆಯ ಪೀಸೂ ಗುಜರಿಗೇ. ಈ ಅಭ್ಯಾಸವನ್ನು ಈಗಿನ ಕೆಲಸದಲ್ಲೇ ಬೆಳೆಸಿಕೊಳ್ಳಿ.

ಪ್ರಶ್ನೆ: ಮಗನ ಮನೀಗೆ ಬೆಂಗಳೂರಿಗೆ ಸಾಂಬ್ರಾದಿಂದ ವಿಮಾನದಾಗ ಹೋಗೂದೈತ್ರಿ. ಮೊದಲನೇ ಸಲ. ಇದನ್ನೆಲ್ಲಾ ಕೇಳಿ ಅಂಜಿಕಿ ಬಂದೈತಿ. ನಾ ಏನು ನೆನಪಿಟ್ಕೋಬೇಕ್ರಿ?
— ಗೃಹಿಣಿ, ಸವದತ್ತಿ

ತಾಯಿ, ಅಂಜಬೇಡಿ. ನೀವು ಸವದತ್ತಿಯಿಂದ ಸಾಂಬ್ರಾಕ್ಕೆ ಬರುವ ರಸ್ತೆಗಿಂತ ವಿಮಾನದ ದಾರಿ ಸುರಕ್ಷಿತ. ಹಾಗಿದ್ದರೂ ಇಷ್ಟು ಗೊತ್ತಿರಲಿ.

ಬೆಲ್ಟ್ ಹೊಟ್ಟೆಯ ಮೇಲೆ ಬೇಡ, ಸೊಂಟದ ಮೂಳೆಯ ಮೇಲೆ ತಗ್ಗಿಸಿ ಬಿಗಿಯಾಗಿ ಎಳೆದುಕೊಳ್ಳಿ. ಸೆರಗು ಬಕಲ್‌ ಮೇಲೆ ಸಿಕ್ಕಿಕೊಳ್ಳದಂತೆ ಒಳಗೆ ಸಿಗಿಸಿ. ಕಾರಿನ ಬೆಲ್ಟಿಗೆ ಗುಂಡಿ ಒತ್ತಬೇಕು, ಇಲ್ಲಿ ಮುಚ್ಚಳ ಮೇಲೆತ್ತಬೇಕು. ಗಾಬರಿಯಲ್ಲಿ ಜನ ಒತ್ತುತ್ತಲೇ ಕೂರುತ್ತಾರೆ. ಕೂತ ಮೇಲೆ ಎರಡು ಸಲ ಬಿಚ್ಚಿ ಹಾಕಿ ಕೈಗೆ ರೂಢಿ ಮಾಡಿಕೊಳ್ಳಿ. ನೈಲಾನ್ ಸೀರೆಗಿಂತ ಇಳಕಲ್ಲಿನ ಹತ್ತಿ ಸೀರೆ ಒಳ್ಳೆಯದು, ನೈಲಾನ್ ಬಿಸಿಗೆ ಕರಗಿ ಮೈಗೆ ಅಂಟುತ್ತದೆ. ಏರುವಾಗ, ಇಳಿಯುವಾಗ ಚಪ್ಪಲಿ ಕಾಲಲ್ಲೇ ಇರಲಿ.

ನಿಮ್ಮ ಸೀಟಿನಿಂದ ತುರ್ತು ಬಾಗಿಲಿಗೆ ಎಷ್ಟು ಸಾಲು ಎಂದು ಕೈಯಿಂದ ಮುಟ್ಟಿ ಎಣಿಸಿ. ಹೊಗೆಯಲ್ಲಿ ಕಣ್ಣು ಕೆಲಸ ಮಾಡುವುದಿಲ್ಲ, ಕೈ ಮಾಡುತ್ತದೆ. ಮುಂದಕ್ಕೂ ಹಿಂದಕ್ಕೂ ಎರಡೂ ಕಡೆ ಎಣಿಸಿ. ಫ್ಯಾನಿನ ಎಟಿಆರ್ ವಿಮಾನವಾದರೆ ಬಾಲದ ಕಡೆಯಿಂದ ಹತ್ತುತ್ತೀರಿ, ಆದರೆ ಮುಂದಿನ ಸಾಲಿನ ಹತ್ತಿರವೂ ತುರ್ತು ಬಾಗಿಲುಗಳಿವೆ. ಹತ್ತಿದ ಬಾಗಿಲಿಗೇ ವಾಪಸು ಓಡುವುದು ಎಲ್ಲರ ತಪ್ಪು. ಅರ್ಧ ಬಾಗಿಲುಗಳು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವಂತಿದ್ದರೆ ಮಾತ್ರ ವಿಮಾನಕ್ಕೆ ಪರವಾನಗಿ ಸಿಗುತ್ತದೆ. ಆ ಪರೀಕ್ಷೆಯಲ್ಲಿ ಯಾರೂ ಬ್ಯಾಗ್ ಇಳಿಸಿಕೊಳ್ಳುವುದಿಲ್ಲ. ಚಿನ್ನ, ದುಡ್ಡು ಮೈಮೇಲೇ ಇರಲಿ, ಬ್ಯಾಗನ್ನು ಬಿಟ್ಟು ಬನ್ನಿ.

ಸಿಬ್ಬಂದಿ ಬಾಗಿರಿ ಎಂದು ಕೂಗಿದರೆ ಮುಂದಕ್ಕೆ ಬಾಗಿ ಹಣೆಯನ್ನು ಎದುರಿನ ಸೀಟಿಗೆ ಒತ್ತಿ. ಎರಡೂ ಅಂಗೈ ತಲೆಯ ಮೇಲೆ ಒಂದರ ಮೇಲೊಂದು, ಬೆರಳು ಹೆಣೆಯಬೇಡಿ. ಕೆಲಸ ಮಾಡುವ ಕೈ ಕೆಳಗಿರಲಿ. ಪೆಟ್ಟು ಬಿದ್ದರೂ ಬೆಲ್ಟ್ ಬಿಚ್ಚಲು ಆ ಕೈ ಉಳಿಯಬೇಕು. ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆಳೆದು ನೆಲಕ್ಕೆ ಊರಿ. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್ವರ್ತ್‌ನಲ್ಲಿ ಬಿದ್ದ ವಿಮಾನದಲ್ಲಿ 126 ಜನರಲ್ಲಿ 47 ಮಂದಿ ಸತ್ತರು. ಅಲ್ಲಿನ ಗಾಯಗಳನ್ನು, ಎಷ್ಟೋ ಜನರ ಮುರಿದ ಕಾಲುಗಳನ್ನು ಅಭ್ಯಾಸ ಮಾಡಿದ ಮೇಲೆಯೇ ಪಾದ ಹಿಂದಿರಲಿ ಎಂಬ ಸೂಚನೆ ಗಟ್ಟಿಯಾದದ್ದು. ಮುಂದಕ್ಕೆ ಚಾಚಿದ ಕಾಲು ಎದುರಿನ ಸೀಟಿನ ಕೆಳಗೆ ಹೊಕ್ಕು ಮುರಿಯುತ್ತದೆ.

ಪ್ರಶ್ನೆ: ನಮ್ಮ ಕಡೆ ಎರೆ ಹೊಲ ಮೈಲುಗಟ್ಟಲೆ ಬಯಲು. ಇಂಥ ಪ್ರಯೋಗ ಇಲ್ಲಿ ಮಾಡಬಹುದೇ? ಈಗಲೂ ಎಲ್ಲಾದರೂ ವಿಮಾನ ಬೀಳಿಸುತ್ತಾರೆಯೇ?
— ರೈತರು, ಬಾಗಲಕೋಟೆ ಜಿಲ್ಲೆ

ಬಯಲಿದ್ದರೂ ಊರು ದೂರವಿಲ್ಲ, ಹೊಲದಲ್ಲಿ ಜನ, ದನ, ವಿದ್ಯುತ್ ತಂತಿ. ಎರೆ ನೆಲ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಬಿರುಕು. ಇವತ್ತು ಮಾಡಿದ ಅಳತೆಯನ್ನು ಇನ್ನೊಂದು ದಿನದ್ದಕ್ಕೆ ಹೋಲಿಸಲಾಗದು. ಮೆದು ನೆಲದಲ್ಲಿ ಮೂತಿ ಹೂತು ಜಾರುವ ದೂರ ಕಡಿಮೆಯಾದರೆ ಪೆಟ್ಟಿನ ಜಿ ಏರುತ್ತದೆ. ಬಿದ್ದ ಮೇಲೆ ಚೆಲ್ಲಿದ ಎಣ್ಣೆ ಹೀರಿದ ಮಣ್ಣನ್ನು ತೆಗೆಸುವ ಖರ್ಚು ಬೇರೆ.

ಇಡೀ ವಿಮಾನ ಹಾರಿಸಿ ಬೀಳಿಸುವುದು ತೀರಾ ಅಪರೂಪ. ಒಂದೇ ಸಲ ಮಾಡಬಹುದು, ಒಂದೇ ಕೋನ, ಒಂದೇ ವೇಗ. ತಪ್ಪಿದರೆ ಮತ್ತೆ ಮಾಡಲು ವಿಮಾನವಿಲ್ಲ. ಈಗ ಹೆಚ್ಚಿನ ಕೆಲಸ ಕಂಪ್ಯೂಟರ್ ಲೆಕ್ಕದಲ್ಲಿ. ಆ ಲೆಕ್ಕ ಸರಿಯೇ ಎಂದು ನೋಡಲು ವರ್ಜೀನಿಯಾದ ನಾಸಾ ಲ್ಯಾಂಗ್ಲಿ ಕೇಂದ್ರದಲ್ಲಿ ಸುಮಾರು 73 ಮೀಟರ್ ಎತ್ತರದ ಉಕ್ಕಿನ ಕಮಾನಿದೆ, ಚಂದ್ರನ ಮೇಲೆ ಇಳಿಯುವ ತಾಲೀಮಿಗೆಂದು 1960ರ ದಶಕದಲ್ಲಿ ಕಟ್ಟಿದ್ದು. ಹಳೆಯ ಫೋಕರ್ ಎಫ್-28 ವಿಮಾನದ ಒಡಲಿನ ತುಂಡುಗಳನ್ನು, 2019ರಲ್ಲಿ ಅದರ ದೊಡ್ಡ ಭಾಗವನ್ನೇ ಡಮ್ಮಿಗಳ ಸಮೇತ ಅಲ್ಲಿ ಎತ್ತಿ ಮಣ್ಣಿನ ಮೇಲೆ ಬಿಟ್ಟರು. ಹೀಗೆ ತೂಗಿ ಬಿಡುವುದರಲ್ಲಿ ಕೋನ, ವೇಗ ಎರಡೂ ಕೈಯಲ್ಲಿರುತ್ತವೆ. ಗಾಳಿಯಲ್ಲಿ ಹೊಯ್ದಾಡುವ ವಿಮಾನವನ್ನು ಗೂಟದ ನಡುವೆ ತೂರಿಸುವ ಪ್ರಸಂಗ ಬರುವುದಿಲ್ಲ.